ಮೊದಲ ಬೋಲ್ಟ್ ರೈಫಲ್ ಹೊಂದಿಸುವುದು: ಸ್ಕೋಪ್‌ಗಿಂತ ಮೊದಲು ಕೆನ್ನೆ

ಶೂಟಿಂಗ್ ರೇಂಜ್‌ಗೆ ಹೊಸದಾಗಿ ಬಂದವರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: "ಯಾವ ಸ್ಕೋಪ್ ತಗೊಳ್ಳಲಿ?" ಸ್ಕೋಪ್ ಅಂದರೆ ರೈಫಲ್ ಮೇಲೆ ಕೂರಿಸುವ ದುರ್ಬೀನು. ನಾನೂ ಅದನ್ನೇ ಕೇಳಿದ್ದೆ. ಈಗ ನನ್ನ ಹಳೆಯ ನೋಟ್‌ಬುಕ್ ತಿರುವಿ ಹಾಕಿದರೆ ಬೇರೆಯೇ ಕಾಣುತ್ತದೆ. ನನ್ನ ಗ್ರೂಪ್ (ಗುರಿಯ ಮೇಲೆ ಗುಂಡುಗಳು ಬಿದ್ದ ಗುಂಪು) ಚಿಕ್ಕದಾಗಿದ್ದು ಸ್ಕೋಪ್ ಬದಲಿಸಿದ ದಿನ ಅಲ್ಲ, ಚೀಕ್ ಪೀಸ್ (ರೈಫಲ್ ಮೇಲೆ ಕೆನ್ನೆ ಇಡುವ ಭಾಗ) 4 ಮಿಲಿಮೀಟರ್ ಮೇಲೆತ್ತಿದ ದಿನ. ಒಳ್ಳೆಯ ಬೋಲ್ಟ್ ರೈಫಲ್‌ನಲ್ಲಿ (ಪ್ರತಿ ಗುಂಡಿಗೂ ಬೋಲ್ಟ್ ಅನ್ನು ಕೈಯಿಂದ ಎಳೆದು ತಳ್ಳುವ ರೈಫಲ್) ನಿಖರತೆ ಕಾರ್ಖಾನೆಯಿಂದಲೇ ಬಂದಿರುತ್ತದೆ. ನಾವು ಮಾಡಬೇಕಾದ್ದು, ಅದು ಪ್ರತಿ ಸಲವೂ ನಮ್ಮ ಮೈಗೆ ಒಂದೇ ರೀತಿ ಕೂರುವ ಹಾಗೆ ಮಾಡುವುದು. ಈ ಟಿಪ್ಪಣಿಯ ಕ್ರಮವೂ ಅದೇ. ಮೊದಲು ಮೈ, ಆಮೇಲೆ ಸೈಟ್ (ಗುರಿ ಹಿಡಿಯುವ ಸಾಧನ), ಆಮೇಲೆ ಗುಂಡು, ಕೊನೆಗೆ ಕ್ಲಿಕ್, ಅಂದರೆ ಸೈಟ್ ಹೊಂದಿಸುವ ತಿರುಗಣೆಯ ಒಂದೊಂದು ಹೆಜ್ಜೆ.

ಕಾನೂನಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಗುಂಡಿನ .22 (ಪಾಯಿಂಟ್ ಟೂ ಟೂ) ರೈಫಲ್‌ಗೂ ಲೈಸೆನ್ಸ್ ಬೇಕೇ ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು ಇದಕ್ಕೆ ಆಧಾರ. ಲೈಸೆನ್ಸ್ ಪಡೆಯಲು 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯಿಂದ ಸಾಮಾನ್ಯ ಲೈಸೆನ್ಸ್‌ದಾರರಿಗೆ ಇಟ್ಟುಕೊಳ್ಳಲು ಸಿಗುವುದು 2 ಬಂದೂಕು ಮಾತ್ರ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಬೇಕಾಗಬಹುದು. ಅದಕ್ಕೆ ಮೊದಲೇ ಸಿದ್ಧರಾಗಿರಿ. ನಿಮ್ಮ ರೈಫಲ್ ಬರುವವರೆಗೆ ಕ್ಲಬ್ ರೈಫಲ್‌ನಲ್ಲಿ, ಕೋಚ್ ಕಣ್ಣೆದುರೇ ಕಲಿಯಿರಿ. ಆ ಕಾಯುವ ತಿಂಗಳುಗಳು ವ್ಯರ್ಥ ಅಲ್ಲ. ನಿಮ್ಮ ಮೈಗೆ ಯಾವ ಅಳತೆ ಬೇಕು ಅಂತ ಗೊತ್ತಾಗುವುದು ಆಗಲೇ.

ಲಾಂಗ್ ರೇಂಜ್, ಅಂದರೆ ದೂರದ ಗುರಿ ಹೊಡೆಯುವುದನ್ನು ಕಲಿಯಲು ನಾನು ಇಲ್ಲಿ ಮಾತಾಡುತ್ತಿರುವುದು .22 ಲಾಂಗ್ ರೈಫಲ್ ಎಂಬ ಗುಂಡಿನ ರೈಫಲ್ ಬಗ್ಗೆ. "ಲಾಂಗ್ ರೇಂಜ್ ಅಂದರೆ ಸಾವಿರ ಮೀಟರ್ ಅಲ್ವಾ?" ಅಂತ ಕೆಲವರು ಕೇಳುತ್ತಾರೆ. ಬೆಂಗಳೂರಿನಲ್ಲಿ ಹೆಚ್ಚಿನ ರೇಂಜ್‌ಗಳು 10 ಮೀಟರ್ ಏರ್ ರೈಫಲ್‌ನವು. 50 ಮೀಟರ್ ಸಿಕ್ಕರೇ ಪುಣ್ಯ. ಆದರೆ .22ರ ಗುಂಡು ನಿಧಾನ, ಗಾಳಿಗೆ ಬೇಗ ಬಗ್ಗುತ್ತದೆ. ದೊಡ್ಡ ರೈಫಲ್ ದೂರದಲ್ಲಿ ಕಲಿಸುವ ಪಾಠವನ್ನು ಇದು 50, 100 ಮೀಟರ್‌ನಲ್ಲೇ ಕಲಿಸುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಲೆ ಕಂಚು ಗೆದ್ದಿದ್ದೂ ಇದೇ .22ರಲ್ಲಿ, 50 ಮೀಟರ್ ಮೂರು ಭಂಗಿಯ ಸ್ಪರ್ಧೆಯಲ್ಲಿ. ಅಲ್ಲಿ ಹತ್ತು ಅಂಕದ ವೃತ್ತ ಎಷ್ಟು ದೊಡ್ಡದು ಗೊತ್ತಾ? 10.4 ಮಿಲಿಮೀಟರ್. ಒಂದು ಅಂಗಿ ಗುಂಡಿಯಷ್ಟು.

ಕೆನ್ನೆ, ಭುಜ, ಕೈ

ರೈಫಲ್ ಖಾಲಿ ಇದೆಯಾ ನೋಡಿ. ಬೋಲ್ಟ್ ತೆರೆದು ಚೇಂಬರ್ (ಗುಂಡು ಕೂರುವ ಜಾಗ) ಒಳಗೆ ಕಣ್ಣು ಹಾಕಿ, ಬೆರಳಿನಿಂದಲೂ ಮುಟ್ಟಿ ನೋಡಿ. ಈಗ ನೀವು ಶೂಟ್ ಮಾಡುವ ಭಂಗಿಯಲ್ಲೇ ಕೂತುಕೊಳ್ಳಿ ಅಥವಾ ಮಲಗಿ. ಮಲಗಿ ಹೊಡೆಯುವವರು ಕುರ್ಚಿಯಲ್ಲಿ ಕೂತು ಅಳತೆ ಮಾಡಿದರೆ ಎಲ್ಲ ತಪ್ಪಾಗುತ್ತದೆ.

ಮೊದಲು ಬಟ್ ಪ್ಲೇಟ್, ಅಂದರೆ ಭುಜಕ್ಕೆ ಒರಗುವ ತಟ್ಟೆ. ರೈಫಲ್‌ನ ಹಿಂಭಾಗ ಭುಜದ ಗುಳಿಯಲ್ಲಿ ಕೂತಾಗ, ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಸರಾಗವಾಗಿ ಟ್ರಿಗರ್ ಮೇಲೆ ಬರಬೇಕು. ಕೈ ಚಾಚಬೇಕಾಗಿ ಬಂದರೆ ಸ್ಟಾಕ್ (ರೈಫಲ್ ಹಿಡಿಯುವ, ಭುಜಕ್ಕೆ ಇಡುವ ಚೌಕಟ್ಟು) ಉದ್ದವಾಯಿತು. ಮಣಿಕಟ್ಟು ಬಗ್ಗಿ ಮುದುಡಿದರೆ ಚಿಕ್ಕದಾಯಿತು. ನಮ್ಮಲ್ಲಿ ಅನೇಕರಿಗೆ ಉದ್ದವೇ ಜಾಸ್ತಿ ಆಗುತ್ತದೆ. ಹೆಚ್ಚಿನ ಟಾರ್ಗೆಟ್ ರೈಫಲ್‌ಗಳಲ್ಲಿ ಇದನ್ನು ಮುಂದೆ ಹಿಂದೆ ಸರಿಸಬಹುದು. ಸರಿಸಿ, ಗುರುತು ಹಾಕಿ.

ಇನ್ನು ಚೀಕ್ ಪೀಸ್. ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಕಣ್ಣು ಮುಚ್ಚಿ. ತಲೆ ನೆಟ್ಟಗಿಟ್ಟು ರೈಫಲ್ ಅನ್ನೇ ಮುಖದ ಹತ್ತಿರ ತನ್ನಿ, ಮುಖವನ್ನು ರೈಫಲ್ ಕಡೆಗೆ ಬಗ್ಗಿಸಬೇಡಿ. ಕೆನ್ನೆಯ ಮೂಳೆಯ ಕೆಳಗಿನ ಭಾಗ ಚೀಕ್ ಪೀಸ್ ಮೇಲೆ ಭಾರ ಬಿಡಲಿ. ದಿಂಬಿನ ಮೇಲೆ ತಲೆ ಇಟ್ಟಷ್ಟು ಸಡಿಲ ಇರಲಿ. ಎರಡು ಉಸಿರು ಬಿಡಿ. ಈಗ ಕಣ್ಣು ತೆರೆಯಿರಿ. ಸೈಟ್‌ನ ಮಧ್ಯದಲ್ಲಿ ನೇರವಾಗಿ ಕಂಡಿತಾ? ಕಂಡರೆ ಸರಿ. ಬದಲಾಗಿ ಒಂದು ಕಡೆ ಕಪ್ಪು ಚಂದ್ರನ ಹಾಗೆ ನೆರಳು ಬಂದರೆ ಕಣ್ಣು ಸರಿಯಾದ ಜಾಗದಲ್ಲಿ ಇಲ್ಲ. ನೆರಳು ಮೇಲೆ ಅಥವಾ ಕೆಳಗೆ ಬಂದರೆ, ಅದು ಹೋಗುವವರೆಗೆ ಚೀಕ್ ಪೀಸ್ ಸ್ವಲ್ಪ ಎತ್ತಿ ಅಥವಾ ಇಳಿಸಿ ನೋಡಿ. ಕತ್ತು ಹಿಗ್ಗಿಸಿ ಸರಿಪಡಿಸಿಕೊಳ್ಳುವ ಆಸೆ ಆಗುತ್ತದೆ, ಆ ಆಸೆ ಬೇಡ. ಹತ್ತು ಗುಂಡು ಹಾಗೆ ತಡೆದುಕೊಳ್ಳಬಹುದು. ಅರವತ್ತು ಗುಂಡು ಆಗುವಷ್ಟರಲ್ಲಿ ಕತ್ತು ಸೋತು, ಕೆನ್ನೆ ತಾನಾಗಿ ಜಾರುತ್ತದೆ. ಗುಂಡೂ ಅದರ ಜೊತೆ ಜಾರುತ್ತದೆ.

ನನಗಾಗಿದ್ದೂ ಅದೇ. ಮೊದಲ ಇಪ್ಪತ್ತು ಗುಂಡು ಚೆನ್ನಾಗಿ, ಆಮೇಲೆ ಗ್ರೂಪ್ ನಿಧಾನವಾಗಿ ಕೆಳಗೆ ಇಳಿಯುತ್ತಿತ್ತು. ಗುಂಡು ಸರಿಯಿಲ್ಲ ಅಂದುಕೊಂಡು ಎರಡು ಬಾಕ್ಸ್ ಬದಲಿಸಿದೆ. ಬ್ಯಾರೆಲ್ ಬಿಸಿಯಾಗುತ್ತಿದೆ ಅಂದುಕೊಂಡೆ. ಕೊನೆಗೆ ಕೋಚ್ ಪಕ್ಕದಲ್ಲಿ ಕೂತು ಗುರಿ ನೋಡದೆ ನನ್ನ ಮುಖವನ್ನಷ್ಟೇ ನೋಡಿದರು. "ಕೆನ್ನೆ ಕೆಳಗೆ ಬರ್ತಿದೆ ಕಣಪ್ಪಾ" ಅಂದರು. ಚೀಕ್ ಪೀಸ್‌ನ ತಿರುಪು ಸಡಿಲವಾಗಿ, ಮುಖದ ಭಾರಕ್ಕೆ ಸ್ವಲ್ಪ ಸ್ವಲ್ಪವೇ ಕುಸಿಯುತ್ತಿತ್ತು. ಅವತ್ತಿನಿಂದ ಎಲ್ಲ ತಿರುಪಿಗೂ ಬಿಳಿ ಬಣ್ಣದ ಒಂದು ಗೆರೆ ಎಳೆದಿದ್ದೇನೆ. ಗೆರೆ ಮುರಿದಿದ್ದರೆ ತಿರುಪು ತಿರುಗಿದೆ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ.

ಸ್ಕೋಪ್ ಕೂರಿಸುವುದು

ಒಲಿಂಪಿಕ್ ಮಾದರಿಯ ಸ್ಪರ್ಧೆಗೆ ಹೋಗುವವರಿಗೆ ಸ್ಕೋಪ್ ಇಲ್ಲ, ಸಣ್ಣ ತೂತಿನ ಮೂಲಕ ನೋಡುವ ಪೀಪ್ ಸೈಟ್. ಆದರೂ ಗುಂಡು ಪರೀಕ್ಷೆ ಮಾಡಲು, ಬೆಂಚ್ ಮೇಲೆ ಕಲಿಯಲು ಸ್ಕೋಪ್ ತುಂಬ ಸಹಾಯ.

ಸ್ಕೋಪ್‌ನಿಂದ ಕಣ್ಣು ಸಾಮಾನ್ಯವಾಗಿ 8-9 ಸೆಂಟಿಮೀಟರ್ ದೂರ ಇರಬೇಕು. ಈ ದೂರವನ್ನು ಅತಿ ಹೆಚ್ಚು ಜೂಮ್‌ನಲ್ಲಿಟ್ಟು ಹೊಂದಿಸಿ, ಯಾಕೆಂದರೆ ಅಲ್ಲಿಯೇ ಕಣ್ಣಿಗೆ ಜಾಗ ಕಡಿಮೆ. ಚೀಕ್ ಪೀಸ್ ಆಗಲೇ ಸರಿಯಾಗಿರುವುದರಿಂದ ನೀವು ಸರಿಸಬೇಕಾದ್ದು ಸ್ಕೋಪ್ ಅನ್ನು ಮಾತ್ರ, ತಲೆಯನ್ನಲ್ಲ. ಕ್ರಮ ತಿರುಗಿಸಿದರೆ ತಲೆ ಸ್ಕೋಪ್‌ಗಾಗಿ ಅಲೆಯುತ್ತದೆ.

ಆಮೇಲೆ ಲೆವೆಲ್. ಗಾರೆ ಕೆಲಸದವರ ತೂಗುಗುಂಡು ಇದಕ್ಕೆ ಸಾಕು. ಗೋಡೆ ಮೇಲೆ ದಾರ ಇಳಿಬಿಟ್ಟು, ರೈಫಲ್ ನೆಟ್ಟಗೆ ನಿಲ್ಲಿಸಿ, ಸ್ಕೋಪ್‌ನ ಉದ್ದ ಗೆರೆ ದಾರಕ್ಕೆ ಸರಿಯಾಗಿ ಕೂರುವಂತೆ ತಿರುಗಿಸಿ. ಹತ್ತಿರದಲ್ಲಿ ಇದರ ಬೆಲೆ ಗೊತ್ತಾಗುವುದಿಲ್ಲ. ದೂರದಲ್ಲಿ ಗೊತ್ತಾಗುತ್ತದೆ. 1000 ಮೀಟರ್ ದೂರಕ್ಕೆ 10 ಮಿಲ್ (ಸ್ಕೋಪ್ ತಿರುಗಿಸುವ ಕೋನದ ಅಳತೆ) ಮೇಲೆ ತಿರುಗಿಸಿದಾಗ ಸ್ಕೋಪ್ ಬರೀ 1 ಡಿಗ್ರಿ ವಾಲಿದ್ದರೆ, ಗುಂಡು ಸುಮಾರು 17 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಗಾಳಿಯ ತಪ್ಪು ಅಂದುಕೊಂಡು ಎಷ್ಟೋ ಜನ ಇದರ ಹಿಂದೆ ದಿನಗಟ್ಟಲೆ ಅಲೆಯುತ್ತಾರೆ.

ತಿರುಪು ಬಿಗಿಸಲು ಟಾರ್ಕ್ ಸ್ಕ್ರೂಡ್ರೈವರ್ ಇರಲಿ. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಹುಡುಕಿದರೆ ಸಿಗುತ್ತದೆ. ಸ್ಕೋಪ್ ರಿಂಗ್‌ಗೆ ಸಾಮಾನ್ಯವಾಗಿ 2 ನ್ಯೂಟನ್ ಮೀಟರ್ ಆಸುಪಾಸು. ರಿಂಗ್ ಅಥವಾ ಸ್ಕೋಪ್ ತಯಾರಕರು ಹೇಳಿದ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಒಂದು ತಿರುಪು ಪೂರ್ತಿ ಬಿಗಿಸಿ ಇನ್ನೊಂದಕ್ಕೆ ಹೋಗಬೇಡಿ. ಕಾರಿನ ಚಕ್ರದ ನಟ್ ಬಿಗಿಸುವ ಹಾಗೆ ಎದುರು ಬದುರು, ಸ್ವಲ್ಪ ಸ್ವಲ್ಪವೇ.

ಬ್ಯಾರೆಲ್ ಸ್ಟಾಕ್‌ಗೆ ತಾಕುತ್ತಿದೆಯಾ ನೋಡಿ. ಹೆಚ್ಚಿನ ಟಾರ್ಗೆಟ್ ರೈಫಲ್‌ಗಳಲ್ಲಿ ಬ್ಯಾರೆಲ್ ತೇಲುತ್ತಿರುತ್ತದೆ. ಒಂದು ಹತ್ತು ರೂಪಾಯಿ ನೋಟನ್ನು ಮಡಿಸದೆ ಬ್ಯಾರೆಲ್ ಕೆಳಗೆ ಜಾರಿಸಿ. ಆ್ಯಕ್ಷನ್ (ಬೋಲ್ಟ್ ಓಡಾಡುವ ಭಾಗ) ಹತ್ತಿರದವರೆಗೂ ತಡೆಯಿಲ್ಲದೆ ಹೋಗಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ನೀವೇ ಉಜ್ಜಲು ಹೋಗಬೇಡಿ, ತಿಳಿದವರ ಕೈಗೆ ಕೊಡಿ.

ಪ್ಯಾರಲಾಕ್ಸ್ ಬಗ್ಗೆ ಒಂದೇ ಪರೀಕ್ಷೆ. ರೈಫಲ್ ಮುಟ್ಟದೆ, ಬೆಂಚ್ ಮೇಲೆ ಕದಲದ ಹಾಗಿಟ್ಟು, ತಲೆಯನ್ನು ಸ್ವಲ್ಪ ಅತ್ತ ಇತ್ತ ಆಡಿಸಿ. ಗುರಿಯ ಮೇಲೆ ಕೂತ ಗೆರೆ ಓಡಾಡಿದರೆ ಪ್ಯಾರಲಾಕ್ಸ್ ಉಳಿದಿದೆ. ಓಡಾಟ ನಿಲ್ಲುವವರೆಗೆ ನಾಬ್ ತಿರುಗಿಸಿ. ನಾಬ್ ಮೇಲೆ ಬರೆದ ದೂರಕ್ಕಿಂತ ನಿಮ್ಮ ಕಣ್ಣನ್ನೇ ನಂಬಿ.

ಗುಂಡು ಯಾಕೆ ಇಷ್ಟು ಮುಖ್ಯ

ಇದನ್ನು ಒಂದು ಲೆಕ್ಕದಿಂದ ಹೇಳುತ್ತೇನೆ. ಮ್ಯಾಚ್ ಗುಂಡು ಸುಮಾರು 2.6 ಗ್ರಾಂ ತೂಕ, ಸೆಕೆಂಡಿಗೆ ಸುಮಾರು 330 ಮೀಟರ್ ವೇಗ. ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ. ಬೇಕೆಂದೇ ಹಾಗೆ ಮಾಡಿರುತ್ತಾರೆ, ಶಬ್ದದ ವೇಗ ದಾಟಿ ಮತ್ತೆ ಕೆಳಗಿಳಿಯುವ ಜಾಗದಲ್ಲಿ ಗುಂಡು ತಡವರಿಸುತ್ತದೆ ಅಂತ. 50 ಮೀಟರ್ ತಲುಪಲು ಇದಕ್ಕೆ ಸುಮಾರು 0.16 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು ಸುಮಾರು 12 ಸೆಂಟಿಮೀಟರ್ ಬೀಳುತ್ತದೆ. ಈಗ ಒಂದು ಗುಂಡಿನ ವೇಗ ಇನ್ನೊಂದಕ್ಕಿಂತ 10 ಮೀಟರ್ ಕಡಿಮೆ ಅಂದುಕೊಳ್ಳಿ. ಶೇಕಡ 3ರಷ್ಟು. ಬೀಳುವ ದೂರ ಶೇಕಡ 6ರಷ್ಟು ಜಾಸ್ತಿ ಆಗುತ್ತದೆ. ಅಂದರೆ 7 ಮಿಲಿಮೀಟರ್. ಹತ್ತರ ವೃತ್ತವೇ 10.4 ಮಿಲಿಮೀಟರ್ ಇರುವಾಗ, ನೀವು ಏನೂ ತಪ್ಪು ಮಾಡದೆಯೇ ಗುಂಡು ಆ ವೃತ್ತದ ಅಂಚಿಗೆ ಹೋಗಿಬಿಡುತ್ತದೆ. 100 ಮೀಟರ್‌ನಲ್ಲಿ ಅದೇ ವ್ಯತ್ಯಾಸ ಸುಮಾರು 3 ಸೆಂಟಿಮೀಟರ್.

ಅದಕ್ಕೇ ಒಂದೇ ಬ್ರ್ಯಾಂಡ್‌ನ ಬೇರೆ ಬೇರೆ ಲಾಟ್‌ಗಳನ್ನು (ಒಂದೇ ಸಲ ತಯಾರಾದ ಗುಂಡುಗಳ ತಂಡ) ಪರೀಕ್ಷೆ ಮಾಡಬೇಕು. ಬಾಕ್ಸ್ ಮೇಲೆ ಲಾಟ್ ನಂಬರ್ ಇರುತ್ತದೆ, ಬರೆದಿಟ್ಟುಕೊಳ್ಳಿ. ಒಂದು ಲಾಟ್‌ನಿಂದ ಹತ್ತು ಹತ್ತು ಗುಂಡಿನ ಮೂರು ಗ್ರೂಪ್ ಹೊಡೆಯಿರಿ. ಐದು ಗುಂಡಿನ ಒಂದು ಚೆಂದದ ಗ್ರೂಪ್ ನೋಡಿ ಖುಷಿಪಟ್ಟು ದೊಡ್ಡ ಆರ್ಡರ್ ಕೊಡಬೇಡಿ. ಲಾಟ್ ಬದಲಿಸಿದ ಮೇಲೆ ಬ್ಯಾರೆಲ್ ಹೊಸ ಗುಂಡಿನ ಮೇಣಕ್ಕೆ ಹೊಂದಿಕೊಳ್ಳಲು ಮೊದಲು ಕೆಲವು ಗುಂಡು ಸುಮ್ನೆ ಹೊಡೆಯಿರಿ. ಆಮೇಲೆ ಲೆಕ್ಕ ಶುರು.

ಕ್ಲಿಕ್ ಮತ್ತು ಜೀರೋ

ಎಂಓಎ ಕೂಡ ಮಿಲ್ ಹಾಗೆಯೇ ಕೋನದ ಅಳತೆ; 1 ಎಂಓಎ ಅಂದರೆ 100 ಮೀಟರ್‌ನಲ್ಲಿ 2.9 ಸೆಂಟಿಮೀಟರ್. ಕಾಲು ಎಂಓಎ ಕ್ಲಿಕ್ ಅಂದರೆ ಅಲ್ಲಿ ಸುಮಾರು 7 ಮಿಲಿಮೀಟರ್. 0.1 ಮಿಲ್ ಕ್ಲಿಕ್ ಅಂದರೆ 1 ಸೆಂಟಿಮೀಟರ್. 50 ಮೀಟರ್‌ನಲ್ಲಿ ಇವೆಲ್ಲದರ ಅರ್ಧ. ಎರಡರಲ್ಲಿ ಯಾವುದು ಒಳ್ಳೆಯದು ಅನ್ನುವ ಜಗಳಕ್ಕೆ ಹೋಗಬೇಡಿ. ನಿಮ್ಮ ಜೊತೆ ಅಭ್ಯಾಸ ಮಾಡುವವರು ಯಾವುದು ಬಳಸುತ್ತಾರೋ ಅದೇ ಇರಲಿ, ಮಾತಾಡಲು ಅನುಕೂಲ.

ಜೀರೋ ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಸೈಟ್ ಹೊಂದಿಸುವುದು. ಐದು ಗುಂಡು ಹೊಡೆದು, ಗ್ರೂಪ್‌ನ ಮಧ್ಯ ಗುರುತಿಸಿ, ಅಲ್ಲಿಂದ ಗುರಿಯ ಮಧ್ಯಕ್ಕೆ ಅಳೆದು ಕ್ಲಿಕ್ ಹಾಕಿ. ಒಂದೊಂದು ಗುಂಡಿಗೂ ಕ್ಲಿಕ್ ತಿರುಗಿಸಿದರೆ ನೀವು ನಿಮ್ಮ ನಡುಕದ ಹಿಂದೆ ಓಡುತ್ತಿರುತ್ತೀರಿ. ಹೊಡೆಯುವ ಮೊದಲು ಇನ್ನೊಂದು: ಗುರಿ ಹಿಡಿದು ಕಣ್ಣು ಮುಚ್ಚಿ, ಉಸಿರು ಬಿಟ್ಟು, ತೆರೆಯಿರಿ. ಸೈಟ್ ಪಕ್ಕದ ಗುರಿಯ ಕಡೆ ಹೋಗಿದ್ದರೆ ಕೈಯಿಂದ ತಳ್ಳಿ ತರಬೇಡಿ. ಸೊಂಟ, ಕಾಲು ಸರಿಸಿ ಇಡೀ ಮೈ ತಿರುಗಿಸಿ.

ಬೆಂಗಳೂರಿನವರಿಗೆ ಎರಡು ಮಾತು. ನಾವು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೇವೆ, ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇಕಡ 10ರಷ್ಟು ಕಡಿಮೆ. ಮಂಗಳೂರಿನ ಕಡೆ ಸ್ಪರ್ಧೆಗೆ ಹೋದರೆ ದೂರದ ಗುರಿಗೆ ಜೀರೋ ಮತ್ತೆ ನೋಡಿಕೊಳ್ಳಿ, ಇಲ್ಲಿನ ಅಂಕಿ ಅಲ್ಲಿಗೆ ಹಾಗೇ ಒಪ್ಪುವುದಿಲ್ಲ. ಇನ್ನೊಂದು ಆಷಾಢದ ಗಾಳಿ. ಸೆಕೆಂಡಿಗೆ 3 ಮೀಟರ್ ಅಡ್ಡಗಾಳಿ ಬಂದರೆ 50 ಮೀಟರ್‌ನಲ್ಲಿ ಗುಂಡು ಒಂದೂವರೆ ಸೆಂಟಿಮೀಟರ್ ಆಸುಪಾಸು ಪಕ್ಕಕ್ಕೆ ಹೋಗುತ್ತದೆ. ಆ ಗುರಿಯಲ್ಲಿ ಒಂದು ಅಂಕಕ್ಕೂ ಇನ್ನೊಂದಕ್ಕೂ 8 ಮಿಲಿಮೀಟರ್ ಅಂತರ. ಲೆಕ್ಕ ನೀವೇ ಹಾಕಿ. ಗಾಳಿ ಜೋರಾದ ದಿನ ಜೀರೋ ಮಾಡಬೇಡಿ. ಬೆಳಗ್ಗೆ ಬೇಗ, ರೇಂಜ್‌ನ ಬಾವುಟ ಅಲುಗಾಡದೆ ಇರುವಾಗ ಮಾಡಿ. ಮಧ್ಯಾಹ್ನ ಬಾವುಟ ನೋಡುತ್ತಾ, ಕ್ಲಿಕ್ ಮುಟ್ಟದೆ, ಗುಂಡು ಎಲ್ಲಿಗೆ ಹೋಗುತ್ತದೆ ಅಂತ ಸುಮ್ನೆ ಬರೆದುಕೊಳ್ಳಿ.

ಸ್ವಚ್ಛ ಮಾಡುವಾಗ ರಾಡ್ ಯಾವಾಗಲೂ ಹಿಂದಿನಿಂದ, ಚೇಂಬರ್ ಕಡೆಯಿಂದ ಹಾಕಿ, ಗೈಡ್ ಇಟ್ಟು. ಬ್ಯಾರೆಲ್ ಬಾಯಿಯ ಅಂಚಿಗೆ ರಾಡ್ ತಾಗಿ ಸವೆದರೆ ಗುಂಡು ಹೊರಗೆ ಬರುವ ಕೊನೆಯ ಜಾಗವೇ ಕೆಡುತ್ತದೆ. .22ರಲ್ಲಿ ಖಾಲಿ ಟ್ರಿಗರ್ ಅಭ್ಯಾಸ ಮಾಡುವುದಾದರೆ ಡ್ರೈ ಫೈರ್ ಸೌಲಭ್ಯ ಇದೆಯಾ ಮೊದಲು ತಿಳಿದುಕೊಳ್ಳಿ. ಇಲ್ಲದಿದ್ದರೆ ಪಿನ್ ಚೇಂಬರ್ ಅಂಚಿಗೆ ಬಡಿದು ಗುರುತು ಮಾಡಬಹುದು.

ನನ್ನ ನೋಟ್‌ಬುಕ್‌ನಲ್ಲಿ ಮೊದಲ ಪುಟ ಹೀಗಿದೆ: ಬಟ್ ಪ್ಲೇಟ್‌ನ ಅಳತೆ, ಚೀಕ್ ಪೀಸ್‌ನ ಎತ್ತರ, ಸ್ಕೋಪ್ ರಿಂಗ್ ರೈಲ್‌ನ (ರೈಫಲ್ ಮೇಲೆ ಸ್ಕೋಪ್ ಕೂರಿಸುವ ಪಟ್ಟಿ) ಎಷ್ಟನೇ ಸೀಳಿನಲ್ಲಿದೆ, ಲಾಟ್ ನಂಬರ್, 50 ಮೀಟರ್ ಜೀರೋ. ಮನೆಯಲ್ಲಿ ಯಾರಾದರೂ ರೈಫಲ್ ಬಿಚ್ಚಿ ಮತ್ತೆ ಜೋಡಿಸಿದರೂ, ಈ ಒಂದು ಪುಟದಿಂದ ಅದನ್ನು ಕಾಲು ಗಂಟೆಯಲ್ಲಿ ಮತ್ತೆ ನನ್ನದಾಗಿಸಿಕೊಳ್ಳಬಹುದು. ಬೋಲ್ಟ್ ಮಾತ್ರ ಬೇರೆ ಕಪಾಟಿನಲ್ಲಿ, ಬೇರೆ ಬೀಗದಲ್ಲಿ.