ರಣಹದ್ದುಗಳು ಯಾಕೆ ಸತ್ತವು? ಜೀವವೈವಿಧ್ಯ ಪಾಠಕ್ಕೆ ಒಂದು ಟಿಪ್ಪಣಿ

ಜೀವವೈವಿಧ್ಯಕ್ಕೆ ಏನೇನು ಅಪಾಯ ಅಂತ ಕೇಳಿದರೆ ಕಾಡು ಕಡಿಯುವುದು, ಬೇಟೆ, ಮಾಲಿನ್ಯ ಅಂತ ಪಟ್ಟಿ ಬರೆದುಬಿಡುತ್ತೇವೆ. ಪಟ್ಟಿ ತಪ್ಪಲ್ಲ. ಆದರೆ ಸಮತೋಲನ ಹೇಗೆ ಕೆಡುತ್ತದೆ ಅನ್ನುವುದು ನನಗೆ ಅರ್ಥವಾಗಿದ್ದು ರಣಹದ್ದುಗಳ ಬಗ್ಗೆ ಓದಿದ ಮೇಲೆ.

1990ರ ದಶಕದಲ್ಲಿ ಭಾರತದ ರಣಹದ್ದುಗಳು ಗುಂಪುಗುಂಪಾಗಿ ಸಾಯತೊಡಗಿದವು. ಬಿಳಿ ಬೆನ್ನಿನ ರಣಹದ್ದು 1992ರಿಂದ 2007ರೊಳಗೆ ಸಾವಿರಕ್ಕೆ ಒಂದರಷ್ಟು ಮಾತ್ರ ಉಳಿಯಿತು. ಯಾರೂ ಬೇಟೆಯಾಡಿರಲಿಲ್ಲ. ಕಾರಣ ಬಯಲಾಗಿದ್ದು 2004ರಲ್ಲಿ. ದನಗಳ ನೋವು, ಊತಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ಅಗ್ಗದ ಔಷಧಿ! ಔಷಧಿ ಕೊಟ್ಟ ಒಂದೆರಡು ದಿನದಲ್ಲಿ ದನ ಸತ್ತರೆ ಅದು ಮಾಂಸದಲ್ಲೇ ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಕಿಡ್ನಿ ಕೆಡುತ್ತದೆ. ಯೂರಿಕ್ ಆಮ್ಲ ಹೊರಗೆ ಹೋಗದೆ ಒಳಗಿನ ಅಂಗಗಳ ಮೇಲೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಕೆಲವೇ ದಿನದಲ್ಲಿ ಸಾವು.

ಎಲ್ಲ ದನಗಳಿಗೂ ಈ ಔಷಧಿ ಕೊಟ್ಟಿರಲಿಲ್ಲ, ಅಲ್ವಾ? ಹೌದು. ಆದರೆ ಸತ್ತ 100 ದನಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಈ ಅನಾಹುತಕ್ಕೆ ಸಾಕು ಅಂತ ವಿಜ್ಞಾನಿಗಳು ಲೆಕ್ಕ ಹಾಕಿದರು. ಒಂದೇ ದನಕ್ಕೆ ಹತ್ತಾರು ಹದ್ದುಗಳು ಎರಗುತ್ತವೆ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾನೇ ಮೊಟ್ಟೆ ಇಡಲು ಸುಮಾರು 5 ವರ್ಷ ಬೇಕು. ಹೀಗಾಗಿ ಸಾವು ಸ್ವಲ್ಪ ಜಾಸ್ತಿಯಾದರೂ ಆ ನಷ್ಟ ತುಂಬುವುದಿಲ್ಲ. ಪರೀಕ್ಷೆಗೆ ಬೇರೇನು ಮರೆತರೂ ಈ ಭಾಗ ನೆನಪಿಡಿ. ಆನೆಗೂ ಇದೇ ತರ್ಕ, ಅದೂ ನಿಧಾನವಾಗಿ ಮರಿ ಹಾಕುವ ಪ್ರಾಣಿ.

ಹದ್ದುಗಳು ಹೋದ ಮೇಲೆ ಊರಾಚೆ ಎಸೆದ ದನಗಳು ಅಲ್ಲೇ ಕೊಳೆತವು. ಆ ಮಾಂಸ ತಿಂದು ಬೀದಿನಾಯಿಗಳು ಹೆಚ್ಚಿದವು, ರೇಬಿಸ್ ಭಯವೂ ಹೆಚ್ಚಿತು. ಶವವನ್ನು ಹದ್ದುಗಳಿಗೆ ಒಪ್ಪಿಸುವ ಮುಂಬೈ ಪಾರ್ಸಿಗಳ ಪದ್ಧತಿಯೇ ಕುಂಟಿತು.

2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಸರ್ಕಾರ ನಿಷೇಧಿಸಿತು. ಆದರೂ ಮನುಷ್ಯರಿಗೆಂದು ಬರುವ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರುತ್ತಿದ್ದವು. ಅದಕ್ಕೇ 2015ರಲ್ಲಿ ಇಂಜೆಕ್ಷನ್ ಬಾಟಲಿಯನ್ನು 3 ಮಿ.ಲೀ.ಗೆ ಇಳಿಸಿದರು. ಹದ್ದಿಗೆ ತೊಂದರೆ ಮಾಡದ ಮೆಲಾಕ್ಸಿಕ್ಯಾಮ್ ಅನ್ನುವ ನೋವಿನ ಔಷಧಿ ಕೂಡ ಸಿಗುತ್ತದೆ.

ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಅಭಯಧಾಮವಾಯಿತು. ಅಲ್ಲಿನ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಬೆರಳೆಣಿಕೆಯಷ್ಟಿವೆ. ಅವು ಗೂಡು ಕಟ್ಟುವುದು ಅಭಯಧಾಮದಲ್ಲಿ, ಮೇವು ಹುಡುಕಿ ಹಾರುವುದು ಹತ್ತಾರು ಕಿಲೋಮೀಟರ್ ಆಚೆ. ಅಲ್ಲಿ ಬೇಲಿ ಇಲ್ಲ. ನಿಮ್ಮ ಮನೆಯಲ್ಲಿ ದನ ಇದ್ದರೆ, ಮುಂದಿನ ಸಲ ಇಂಜೆಕ್ಷನ್ ಕೊಡಿಸುವಾಗ ಯಾವ ಔಷಧಿ ಅಂತ ಡಾಕ್ಟರನ್ನು ಒಮ್ಮೆ ಕೇಳಿ.