ಹೆಸರು ಓದಲು ಓರೆ ಬೆಳಕು

ಕೊಪ್ಪಳದ ಕಡೆ ಹಳ್ಳಿಗಳಲ್ಲಿ ಹನುಮಪ್ಪನ ಗುಡಿ ಪಕ್ಕ ಒಂದೋ ಎರಡೋ ವೀರಗಲ್ಲು ನಿಂತಿರುತ್ತವೆ. ಕತ್ತಲಾದ ಮೇಲೆ ಹೋಗಿ ಮೊಬೈಲ್ ಟಾರ್ಚನ್ನು ಎದುರಿನಿಂದ ಹಿಡಿಯಿರಿ. ಸವೆದ ಕಲ್ಲು, ಎಣ್ಣೆ ಜಿಡ್ಡು, ಅಷ್ಟೇ ಕಾಣೋದು. ಈಗ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಂದು, ಬೆಳಕು ಅದರ ಮೈ ಸವರಿಕೊಂಡು ಹೋಗುವಂತೆ ಹಿಡಿಯಿರಿ. ಕತ್ತಿ ಹಿಡಿದ ಕೈ, ಕುದುರೆ ಕಾಲು, ಸತ್ತ ವೀರನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು ಎಲ್ಲ ಎದ್ದು ಬರುತ್ತಾರೆ. ಹಳೇ ಶಾಸನ ಓದುವವರೂ ಹೀಗೇ ಮಾಡುತ್ತಾರೆ.

ಲೆಕ್ಕ ಸರಳ. ಕೆತ್ತನೆ 1 ಮಿಲಿಮೀಟರ್ ಉಬ್ಬಿದೆ ಅನ್ನಿ. ಎದುರಿನಿಂದ ಬಿದ್ದ ಬೆಳಕಿಗೆ ನೆರಳೇ ಇಲ್ಲ. 45 ಡಿಗ್ರಿ ಓರೆಯಾದರೆ ನೆರಳು 1 ಮಿಲಿಮೀಟರ್. ಕಲ್ಲಿಗೆ ಒತ್ತಿಕೊಂಡು 10 ಡಿಗ್ರಿಯಲ್ಲಿ ಬಿದ್ದರೆ ಸುಮಾರು 5.7 ಮಿಲಿಮೀಟರ್! ಕಣ್ಣು ಓದುವುದು ಈ ನೆರಳನ್ನೇ.

ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಯೋಧರ ಸ್ಮಾರಕಕ್ಕೆ ಪಾರ್ಕ್ ಮಾಡಿದರೆ ಸಂಜೆ ಬೆಳಕಿನ ಬಗ್ಗೆ ಯೋಚಿಸಲೇಬೇಕು. ಈ ಬಿಸಿಲಿನ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಜನ ಹೊರಗೆ ಬರೋದೇ ಹೊತ್ತು ಮುಳುಗಿದ ಮೇಲೆ. ಆದರೆ ಎಲ್ಲರಿಗೂ ಮೊದಲು ನೆನಪಾಗೋದು ಹೈಮಾಸ್ಟ್ ದೀಪ. ಬಸ್ ಸ್ಟ್ಯಾಂಡಿಗೆ ಅದು ಸರಿ. ಸ್ಮಾರಕಕ್ಕೆ ಶತ್ರು ಅಂತಲೇ ನನ್ನ ಅಭಿಪ್ರಾಯ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಕೆಡಿಸಲು ಅಂಥ ದೀಪದ ಕಡೆ ಒಂದು ನೋಟ ಸಾಕು. ದಾರಿಗೆ ಮೊಣಕಾಲೆತ್ತರದ, ಮೇಲೆ ಮುಚ್ಚಳವಿದ್ದು ನೆಲ ಮಾತ್ರ ನೋಡುವ ದೀಪ ಸಾಕಲ್ವಾ?

ಪಾಲಿಶ್ ಮಾಡಿದ ಕಪ್ಪು ಗ್ರಾನೈಟಿನ ಕಥೆ ಇನ್ನೂ ಮಜವಾಗಿದೆ. ಅದು ಕನ್ನಡಿ. ನೋಡುವವರ ಬೆನ್ನ ಹಿಂದೆ ದೀಪವಿದ್ದರೆ ಹೆಸರಿನ ಬದಲು ಆ ದೀಪವೇ ಕಾಣುತ್ತದೆ. ಬುಡದಿಂದ ಓರೆಯಾಗಿ ಬಿಟ್ಟ ಬೆಳಕಾದರೆ ನುಣುಪು ಮೈಯಿಂದ ಜಾರಿ ಮೇಲಕ್ಕೆ ಹೋಗುತ್ತದೆ, ಕಲ್ಲು ಕಪ್ಪಾಗಿಯೇ ಉಳಿಯುತ್ತದೆ. ಕೆತ್ತಿದ ಅಕ್ಷರದ ಒರಟು ಮೈ ಮಾತ್ರ ಬೆಳಕನ್ನು ಎಲ್ಲ ಕಡೆ ಚೆದುರಿಸಿ ಬೂದುಬಿಳುಪಾಗಿ ಕಾಣುತ್ತದೆ. ವಾಷಿಂಗ್ಟನ್ನಿನಲ್ಲಿ 1982ರಲ್ಲಿ ಮುಗಿದ ವಿಯೆಟ್ನಾಂ ಯುದ್ಧದ ಸ್ಮಾರಕದ ಗೋಡೆ ಇಂಥದ್ದೇ. 58,000ಕ್ಕೂ ಹೆಚ್ಚು ಹೆಸರು, ಅವುಗಳ ನಡುವೆ ನೋಡುವವರ ಮುಖ. ಆ ಕಲ್ಲು ಹೋಗಿದ್ದು ನಮ್ಮ ಬೆಂಗಳೂರಿನ ಕಡೆಯಿಂದ!

ಕುಷ್ಟಗಿ, ಇಳಕಲ್ಲಿನ ಕೆಂಪು ಕಲ್ಲು ಬಳಸಿದರೆ ಬಲ್ಬಿನ ಬಣ್ಣವೂ (ಅದರ ಅಳತೆ ಕೆಲ್ವಿನ್) ಮುಖ್ಯ. 2700ರಿಂದ 3000 ಕೆಲ್ವಿನ್‌ನ ಬೆಚ್ಚನೆ ಬೆಳಕಲ್ಲಿ ಅದು ಕೆಂಡದ ಹಾಗೆ ಇರುತ್ತದೆ. 6500ರ ಬಿಳಿ ಬೆಳಕಲ್ಲಿ ಕಳೆ ಹೋಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಎಲ್‌ಇಡಿಗೆ ಕಾವು ಆಗಿಬರೋದಿಲ್ಲ ಅನ್ನೋದೂ ನೆನಪಿರಲಿ. ಕಾದ ನೆಲದಲ್ಲಿ ಗಾಳಿಯಾಡದಂತೆ ಹೂತರೆ ಬೇಗ ಮಂಕಾಗುತ್ತದೆ.

ಎಸ್ಟಿಮೇಟ್ ಬರೆಯುವ ಮೊದಲು ಒಂದು ರಾತ್ರಿ ಇಬ್ಬರು ಕಲ್ಲಿನ ಹತ್ತಿರ ಹೋಗಲಿ. ಒಬ್ಬರು ಟಾರ್ಚ್ ಹಿಡಿದು ಸುಮ್ನೆ ಅತ್ತಿತ್ತ ಸರಿಸಲಿ, ಇನ್ನೊಬ್ಬರು ಹೆಸರು ಓದಲಿ. ತಡವರಿಸದೆ ಓದಲು ಬಂದ ಕಡೆ ಸುಣ್ಣದಲ್ಲಿ ಗುರುತು ಹಾಕಿ, ದೀಪದ ಗುಂಡಿ ಅಲ್ಲೇ ತೋಡಿಸಿ.