ಡೆಬಿಯನ್ ‘ಸ್ಟೇಬಲ್’ ಅಂದರೆ ಬಗ್ ಇಲ್ಲ ಅಂತಲಾ?

ಪ್ರಶ್ನೆ: ಡೆಬಿಯನ್ ಸ್ಟೇಬಲ್ ಹಾಕಿಕೊಂಡಿದ್ದೇನೆ. ಆದರೂ ಒಂದು ಪ್ರೋಗ್ರಾಮ್ ಆಗಾಗ ನಿಂತುಹೋಗುತ್ತದೆ. ವರ್ಷನ್ ಕೂಡ ಹಳೆಯದು. ಟೆಸ್ಟಿಂಗ್‌ಗೆ ಹೋಗಲಾ?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಲ್ಲ. ಇವತ್ತು ಪೂರ್ತಿ ಬರೆದುಬಿಡುತ್ತೇನೆ. ಡೆಬಿಯನ್ ಅಂದರೆ ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್. ಸ್ಟೇಬಲ್, ಟೆಸ್ಟಿಂಗ್, ಅನ್‌ಸ್ಟೇಬಲ್ ಅನ್ನುವುದು ಅದರ ಕವಲುಗಳು.

ಹೊಸ ಪ್ಯಾಕೇಜ್ (ಹಾಕಿಕೊಳ್ಳಲು ಕಟ್ಟಿಟ್ಟ ಪ್ರೋಗ್ರಾಮ್) ಸಾಮಾನ್ಯವಾಗಿ ಮೊದಲು ಬಂದು ಇಳಿಯುವುದು ಅನ್‌ಸ್ಟೇಬಲ್‌ನಲ್ಲಿ. ಅಲ್ಲಿಗೂ ಇನ್ನೂ ಹದ ಬಂದಿಲ್ಲ ಅನ್ನಿಸಿದ್ದನ್ನು ಎಕ್ಸ್‌ಪೆರಿಮೆಂಟಲ್‌ನಲ್ಲಿ ಇಡುತ್ತಾರೆ. ಅಲ್ಲಿಂದ ಯಾವುದೂ ತಾನಾಗಿ ಮುಂದೆ ಹೋಗುವುದಿಲ್ಲ. ಅನ್‌ಸ್ಟೇಬಲ್‌ನಲ್ಲಿ ತುರ್ತು ನೋಡಿಕೊಂಡು 2, 5 ಇಲ್ಲವೇ 10 ದಿನ ಕಾಯಬೇಕು. ಹೊಸ ದೊಡ್ಡ ಬಗ್ ಸಿಗದಿದ್ದರೆ ಟೆಸ್ಟಿಂಗ್‌ಗೆ ಹೋಗುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್ ಅನ್ನು ಫ್ರೀಜ್ ಮಾಡಿ (ಹೊಸ ವರ್ಷನ್ ಬರುವುದನ್ನು ತಡೆದು), ಬಗ್ ತೆಗೆದು, ಹೊಸ ಸ್ಟೇಬಲ್ ಬಿಡುತ್ತಾರೆ. ಹಾಗೆ ಬಿಟ್ಟ ಸ್ಟೇಬಲ್‌ಗಳಲ್ಲಿ ಬುಕ್‌ವರ್ಮ್ ಬಂದಿದ್ದು 2023ರ ಜೂನ್‌ನಲ್ಲಿ, ಟ್ರಿಕ್ಸಿ 2025ರ ಆಗಸ್ಟ್‌ನಲ್ಲಿ.

ಈಗ ‘ಸ್ಟೇಬಲ್ ಅಂದರೆ ಬಗ್ ಇಲ್ಲ’ ಅನ್ನುವ ಆ ಹಠಮಾರಿ ನಂಬಿಕೆಗೆ ಬರೋಣ. ದಯವಿಟ್ಟು ನಿಧಾನವಾಗಿ ಓದಿ. ಸ್ಟೇಬಲ್ ಅಂದರೆ ಬದಲಾಗದ್ದು. ಅಷ್ಟೇ ಅರ್ಥ. ಕೆಡುವುದೇ ಇಲ್ಲ ಅಂತ ಯಾರೂ ಮಾತು ಕೊಟ್ಟಿಲ್ಲ. ಇವತ್ತು ನೀವು ಕಂಡ ಸಣ್ಣ ಬಗ್ ಮುಂದಿನ ವರ್ಷವೂ ಅದೇ ಜಾಗದಲ್ಲಿ ಸಿಗಬಹುದು. ಗಂಭೀರವಾದವನ್ನು ಮಾತ್ರ ನಡುವೆ ಸರಿಮಾಡುತ್ತಾರೆ. ಅಂಗಡಿಯ ಬಿಲ್ಲಿಂಗ್ ನೋಡಿಕೊಳ್ಳುವವರಿಗೆ ಬೇಕಾಗಿರುವುದೂ ಇದೇ ಅಲ್ವಾ? ನಿನ್ನೆ ಓಡಿದ್ದು ನಾಳೆಯೂ ಹಾಗೇ ಓಡಬೇಕು.

‘ಹಳೇ ವರ್ಷನ್, ಅಂದರೆ ಸೆಕ್ಯುರಿಟಿ ತೂತು ಜಾಸ್ತಿ’ ಅನ್ನುವುದು ಇದರ ಬೆನ್ನಿಗೇ ಬರುವ ಮಾತು. 2014ರ ಏಪ್ರಿಲ್‌ನಲ್ಲಿ, ಇಂಟರ್ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ತೂತು ಸಿಕ್ಕಿ ಹಾರ್ಟ್‌ಬ್ಲೀಡ್ ಗಲಾಟೆ ಆಯಿತಲ್ಲ, ಆಗ ಓಪನ್‌ಎಸ್‌ಎಸ್‌ಎಲ್‌ನವರು ಸರಿಮಾಡಿ ಬಿಟ್ಟಿದ್ದು 1.0.1ಜಿ. ಆಗಿನ ಸ್ಟೇಬಲ್ ಆದ ಡೆಬಿಯನ್ 7ರಲ್ಲಿ ಇದ್ದದ್ದು 1.0.1ಇ. ಡೆಬಿಯನ್‌ನವರು ಆ ಪ್ಯಾಚ್ (ತೂತು ಮುಚ್ಚುವ ಕೋಡ್ ತುಂಡು) ಒಂದನ್ನೇ ತಂದು ಹಳೆಯದಕ್ಕೆ ಹಾಕಿದರು. ಹೆಸರು 1.0.1ಇ ಅಂತಲೇ ಉಳಿಯಿತು, ಬಾಲಕ್ಕೆ ‘ಡೆಬ್7ಯು5’ ಸೇರಿತು. ಬರೀ ಮುಂದಿನ ನಂಬರ್ ನೋಡಿದವರು ಸುಮ್ನೆ ಗಾಬರಿಯಾಗುತ್ತಿದ್ದರು. ತೂತು ಮುಚ್ಚಿದ ಗುರುತು ಇದ್ದದ್ದು ಬಾಲದಲ್ಲಿ.

ಟೆಸ್ಟಿಂಗ್‌ನಲ್ಲಿ ಈ ಅನುಕೂಲ ಅಷ್ಟಿಲ್ಲ. ಅಲ್ಲಿಗೆ ಸೆಕ್ಯುರಿಟಿ ಪ್ಯಾಚ್ ಸಾಮಾನ್ಯವಾಗಿ ಅನ್‌ಸ್ಟೇಬಲ್ ದಾಟಿ ಬರಬೇಕು. ಅದಕ್ಕೇ ತಡವಾಗುತ್ತದೆ. ಹಾಗಾಗಿ ಸ್ಟೇಬಲ್‌ನಲ್ಲೇ ಇರಿ. ಆ ಒಂದು ಪ್ರೋಗ್ರಾಮಿನ ಹೊಸ ವರ್ಷನ್ ಬ್ಯಾಕ್‌ಪೋರ್ಟ್ಸ್‌ನಲ್ಲಿ (ಹೊಸ ವರ್ಷನ್‌ಗಳನ್ನು ಸ್ಟೇಬಲ್‌ಗೆ ಹೊಂದಿಸಿ ಇಡುವ ಜಾಗ) ಇದೆಯಾ ನೋಡಿ.

ಹಾಗಾದರೆ ಅನ್‌ಸ್ಟೇಬಲ್ ಯಾರಿಗಾಗಿ? ನೀವು ಕೇಳಿಲ್ಲ, ಆದರೂ ಹೇಳಬೇಕು. ಡೆಬಿಯನ್ ಹೆಸರುಗಳೆಲ್ಲ ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳು. ಅನ್‌ಸ್ಟೇಬಲ್‌ನ ಹೆಸರು ಸಿಡ್, ಆಟದ ಸಾಮಾನು ಮುರಿಯುವ ಪಕ್ಕದ ಮನೆ ಹುಡುಗ. ಉಳಿದ ಹೆಸರುಗಳು ಒಂದಲ್ಲ ಒಂದು ದಿನ ಸ್ಟೇಬಲ್ ಆಗುತ್ತವೆ. ಸಿಡ್ ಮಾತ್ರ ಯಾವತ್ತಿಗೂ ಸಿಡ್.

2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಂಡ್ ಅನ್ನುವ ಎಂಜಿನಿಯರ್ ಇದೇ ಸಿಡ್ ಹಾಕಿಕೊಂಡಿದ್ದರು. ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿಗೆ ಸುರಕ್ಷಿತವಾಗಿ ಹೋಗುವ ದಾರಿ) ಲಾಗಿನ್ ಅರ್ಧ ಸೆಕೆಂಡ್ ಜಾಸ್ತಿ ತೆಗೆದುಕೊಳ್ಳುತ್ತಿತ್ತು. ಹೋಗಲಿ ಅಂತ ಬಿಡದೆ ಬೆನ್ನು ಹತ್ತಿದರು. ಅನ್‌ಸ್ಟೇಬಲ್ ಇರುವುದು ಇಂಥವರಿಗಾಗಿ. ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಅನ್ನುವ ಪ್ರೋಗ್ರಾಮಿನ 5.6.0 ಮತ್ತು 5.6.1ರಲ್ಲಿ ಯಾರೋ ಹಿಂಬಾಗಿಲು ಅಡಗಿಸಿಟ್ಟಿದ್ದು ಸಿಕ್ಕಿಬಿತ್ತು. ಅದು ಆಗಲೇ ಟೆಸ್ಟಿಂಗ್‌ಗೂ ಹೋಗಿತ್ತು. ಸ್ಟೇಬಲ್‌ನಲ್ಲಿ ಇನ್ನೂ ಹಳೇ 5.4.1 ಇತ್ತು.